ದನಗಳ ಗುಹೆಗೆ ನೀರು ಹೊತ್ತವನು

ಕೆನ್ನಾನನಿಗೆ ಅರವತ್ತು ದಾಟಿತ್ತು. ಎಂಟು ವರ್ಷಗಳಿಂದ ಅವನು ಪ್ರವಾಸಿ ತಂಡಗಳ ಅಡುಗೆಗೆ ಒಲೆ ಊದುತ್ತಿದ್ದ. ಜಾನೆಟ್ ಊರಿನ ಮೇಲಿನ ಮರುಭೂಮಿಯ ರಾಷ್ಟ್ರೀಯ ಉದ್ಯಾನದಲ್ಲಿ, ಕಲ್ಲಿನ ಕಂಬಗಳೂ ಕಮಾನುಗಳೂ ಕಾಡಿನ ಹಾಗೆ ನಿಂತಿರುವ ಕಡೆ, ಕಣ್ಣು ಕಟ್ಟಿ ಬಿಟ್ಟರೂ ನೀರಿನ ಗುಂಡಿಗೆ ನಡೆದು ಹೋಗಬಲ್ಲವನು. ಅಂಥವನು ಪ್ರವಾಸಿಗರ ಎಂಜಲು ತಟ್ಟೆಗಳನ್ನು ಮರಳಿನಲ್ಲಿ ಉಜ್ಜುತ್ತಿದ್ದ. ಅದಕ್ಕೆ ಕಾರಣ ಬರ್ಕಾ, ಅವನ ಸ್ವಂತ ಸೋದರಮಾವನ ಮಗ.

ಅಲ್ಲಿ ದನಗಳ ಗುಹೆ ಎಂದೊಂದಿದೆ. ಗೋಡೆಯ ಮೇಲೆ ಯಾವುದೋ ಕಾಲದವರು ಕೆಮ್ಮಣ್ಣಿನಲ್ಲಿ ಬರೆದ ದನದ ಮಂದೆ. ನೀರು ಎರಚಿದರೆ ಬಣ್ಣ ಒಂದು ಗಳಿಗೆ ಹೊಳೆಯುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಆಮೇಲೆ ಬಣ್ಣವೇ ಎದ್ದುಹೋಗುತ್ತದೆ. ನೀರು ಸೋಕಿಸಬಾರದೆಂದು ಕಟ್ಟಪ್ಪಣೆ. ಎಂಟು ವರ್ಷದ ಹಿಂದೆ ಇಬ್ಬರೂ ಒಂದೇ ತಂಡಕ್ಕೆ ದಾರಿ ತೋರಿಸಲು ಹೋಗಿದ್ದರು. ಕತ್ತೆಯೊಂದರ ಗೊರಸು ಸೀಳಿತೆಂದು ಕೆನ್ನಾನ್ ಕಣಿವೆಯಲ್ಲೇ ಉಳಿದ. ಮೇಲೆ ಹೋದ ಬರ್ಕಾ ಪ್ರವಾಸಿಗರನ್ನು ಮೆಚ್ಚಿಸಲು ಗೋಡೆಗೆ ನೀರೆರಚಿದ. ಅರ್ಧ ಮಂದೆ ಅಳಿಸಿಹೋಯಿತು. ವಿಚಾರಣೆ ಬಂದಾಗ, "ನಾನು ಕಣಿವೇಲಿದ್ದೆ, ಮೇಲೆ ಹೋಗಿದ್ದು ಕೆನ್ನಾನ್" ಎಂದುಬಿಟ್ಟ. ಪ್ರವಾಸಿಗರು ಅಷ್ಟರಲ್ಲಿ ತಮ್ಮ ದೇಶ ಸೇರಿದ್ದರು. ಕೆನ್ನಾನನ ಕೊರಳಿನ ಮಾರ್ಗದರ್ಶಿ ಬಿಲ್ಲೆ ಹೋಯಿತು.

ಮುಂಡಾಸು ಹಿಡಿದೆಳೆಯಲು ಹೋದವನ ಮುಂದೆ ಬರ್ಕಾ ನಕ್ಕ. "ಏನ್ ಭಾವ, ಕೋಪ ಮಾಡ್ಕೋತೀಯಾ? ನಮ್ಮ ನಮ್ಮಲ್ಲಿ ತಮಾಷೆ ಅಲ್ವೇನೋ?"

ಅವರ ಜನದಲ್ಲಿ ಅತ್ತೆಯ ಮಗ, ಮಾವನ ಮಗ ಏನಂದರೂ ಸಿಟ್ಟಾಗುವ ಹಾಗಿಲ್ಲ. ಬೈದರೆ ತಿರುಗಿ ಬೈಯಬೇಕು, ಅದೂ ಒಂದು ಕೈ ಮೇಲಾಗಿ. ಉತ್ತರ ಸಿಗದೆ ಬಾಯಿ ಮುಚ್ಚಿದವನು, ಮುಖ ಕೆಂಪು ಮಾಡಿಕೊಂಡವನು ಊರಿಗೆಲ್ಲ ನಗೆಪಾಟಲು. ಆ ಕಟ್ಟಳೆಯ ಹಿಂದೆ ಅಡಗಿಕೊಂಡ ಹೇಡಿ ಬರ್ಕಾ. ಕೆನ್ನಾನ್ ಕೈ ಇಳಿಸಿದ. ಹೊಟ್ಟೆಯೊಳಗಿನ ಬೆಂಕಿ ಮಾತ್ರ ಒಂದು ದಿನವೂ ಆರಲಿಲ್ಲ.

ಈ ಚಳಿಗಾಲ ಉದ್ಯಾನದ ಹೊಸ ನಿರ್ದೇಶಕಿ ವಾಸಿಲಾ ಮೇಡಂ ಅದನ್ನು ನೋಡಲು ಬಂದರು. ದಾರಿಗೆ ಬರ್ಕಾ, ಅಡುಗೆಗೆ ಕೆನ್ನಾನ್, ಸಾಮಾನಿಗೆ ನಾಲ್ವರು ಕತ್ತೆ ಹೊಡೆಯುವವರು. ಬೆಳಿಗ್ಗೆ ಅಳಿಸಿದ ಮಂದೆಯ ಮುಂದೆ ಮೇಡಂ ಬಹಳ ಹೊತ್ತು ನಿಂತರು. ಬರ್ಕಾ ಅವರ ಕಿವಿಯಲ್ಲಿ ಏನೋ ಹೇಳಿ ಗಲ್ಲದಿಂದ ಕೆನ್ನಾನನತ್ತ ತೋರಿಸಿದ. ಅವರು ತಿರುಗಿ ನೋಡಿದ ನೋಟ ಕೆನ್ನಾನನ ಎದೆಗೆ ನಾಟಿತು. ಇವತ್ತೇ ಆಗಬೇಕು ಅಂದುಕೊಂಡ.

ಮಧ್ಯಾಹ್ನ ದೊಡ್ಡ ಕಮಾನಿನ ನೆರಳಲ್ಲಿ, ಕೆಂಡದಡಿಯ ಮರಳಿನಿಂದ ದಪ್ಪ ರೊಟ್ಟಿ ತೆಗೆದು, ಬೂದಿ ಕೊಡವುತ್ತ ಅವನು ಶುರು ಮಾಡಿದ. ತಮ್ಮ ಜನದ ಮಾತು ಬಾರದ ಮೇಡಂಗೆ ತಿಳಿಯಲೆಂದು ಅರಬ್ಬಿಯಲ್ಲೇ.

"ಮೇಡಂ, ರೊಟ್ಟಿ ಗಟ್ಟಿ ಇದ್ರೆ ನಮ್ಮ ಭಾವನ ತಲೆ ಮೇಲೆ ಕುಟ್ಟಿ. ಒಳಗೆ ಏನೂ ಇಲ್ಲ, ಸದ್ದು ಚೆನ್ನಾಗಿ ಬರುತ್ತೆ."

"ನಿನ್ನ ರೊಟ್ಟಿ ತಿಂದು ಕತ್ತೆಗಳೇ ಓಡಿಹೋದ್ವಲ್ಲೋ ಮುದುಕ!" ಎಂದ ಬರ್ಕಾ, ಹುರುಪಿನಿಂದ.

"ನಿನಗಿಂತ ಕತ್ತೆ ವಾಸಿ ಕಣೋ, ಭಾರನಾದ್ರೂ ಹೊರುತ್ತೆ. ಮೇಡಂ, ಇವನು ಒಂದು ಲೋಟ ನೀರು ಹೊತ್ರೂ ಅಮ್ಮಾ ಅಂತಾನೆ. ಆವತ್ತು ದನಗಳ ಗುಹೆಗೆ ನೀರು ಹೊತ್ತೋನು ನಾನು. ಇವನು ಕಣಿವೇಲಿ ಕತ್ತೆ ಕಾಲು ಒತ್ತುತ್ತಾ ಕೂತಿದ್ದ."

ಕತ್ತೆಯವರು ತೊಡೆ ತಟ್ಟಿ ನಕ್ಕರು. ಕೆನ್ನಾನ್ ಇನ್ನೊಂದು ರೊಟ್ಟಿಯ ಬೂದಿ ಕೊಡವಿದ. ಬರ್ಕಾನ ಸುಳ್ಳನ್ನೇ ತನ್ನ ಬಾಯಿಂದ ಆಡಿದ್ದ. ಬರ್ಕಾ ಸುಮ್ಮನೆ ತಲೆಯಾಡಿಸಿದರೆ ಸಾಕು, ಅದೇ ಕೆನ್ನಾನನ ತಪ್ಪೊಪ್ಪಿಗೆ, ಈ ಒಲೆಯೂ ಕೈಬಿಡುತ್ತದೆ.

"ಉತ್ತರ ಎಲ್ಲೋ ಬರ್ಕಾ? ನಾಲಿಗೆ ಬಿದ್ದುಹೋಯ್ತಾ?" ಒಬ್ಬ ಕತ್ತೆಯವನು ಕೂಗಿದ.

ಹೆಂಗಸಿನೆದುರು ಕೈಲಾಗದವನು ಅನ್ನಿಸಿಕೊಳ್ಳುವುದು ಬರ್ಕಾನಿಂದ ಆಗದ ಮಾತು. ಕೆನ್ನಾನನಿಗೆ ಅದು ಚಿಕ್ಕಂದಿನಿಂದ ಗೊತ್ತು.

"ನೀನಾ? ಕತ್ತೆ ಕಾಲು ಒತ್ತಿದ್ದು ನೀನು ಕಣೋ! ಎರಡು ತೊಗಲುಚೀಲ ನೀರು ಹೊತ್ಕೊಂಡು ಆ ಏರು ಒಬ್ಬನೇ ಹತ್ತಿದೋನು ನಾನು! ಕೊನೇ ಹನಿವರೆಗೂ..."

ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ಮೇಡಂ ಮಾತ್ರ ನಗಲಿಲ್ಲ.

"ಕೊನೇ ಹನಿವರೆಗೂ ಏನ್ ಮಾಡಿದ್ರಿ?"

"ಅದು... ಸುಮ್ನೆ ತಮಾಷೆ, ಮೇಡಂ."

"ಕಡತದಲ್ಲಿ ನೀವು ಕಣಿವೇಲಿದ್ದೆ ಅಂತ ಬರೆಸಿದೀರಿ. ಈಗ ಏರು ಹತ್ತಿದೆ ಅಂತೀರಿ. ವಿಚಾರಣೆ ಮತ್ತೆ ಆಗಲಿ. ಅಲ್ಲೀವರೆಗೆ ಬಿಲ್ಲೆ ಕೊಡಿ ಇಲ್ಲಿ." ಆಮೇಲೆ ಅವರು ಕೆನ್ನಾನನ ಕಡೆ ತಿರುಗಿದರು. "ಮುಂದಿನ ದಾರಿ ನಿಮಗೆ ಗೊತ್ತಲ್ವಾ?"

ಬರ್ಕಾ ಜಿಗಿದೆದ್ದ. "ಬೇಕಂತಲೇ ಮಾಡಿದೆ, ನಾಯಿ!" ಮುಖ ಕೆಂಡವಾಗಿತ್ತು. ನಾಲ್ವರು ಕತ್ತೆಯವರೂ ಅದನ್ನು ಕಣ್ತುಂಬ ನೋಡಿದರು. ಸಂಜೆಯೊಳಗೆ ಜಾನೆಟ್‌ಗೆ ಸುದ್ದಿ ಮುಟ್ಟುವುದು ಖಂಡಿತ.

"ಏನ್ ಭಾವ, ಕೋಪ ಮಾಡ್ಕೋತೀಯಾ?" ಕೆನ್ನಾನ್ ಮೆತ್ತಗೆ ಕೇಳಿದ. "ನಮ್ಮ ನಮ್ಮಲ್ಲಿ ತಮಾಷೆ ಅಲ್ವೇನೋ?"

ಎಂಟು ವರ್ಷದಲ್ಲಿ ಮೊದಲ ಸಲ ಅವನಿಗೆ ಹೊಟ್ಟೆ ತಣ್ಣಗಾಯಿತು. ಅವನು ಎಂಜಲು ತಟ್ಟೆಗಳನ್ನೆಲ್ಲ ಒಟ್ಟುಮಾಡಿ ಬರ್ಕಾನ ಕಾಲ ಬುಡಕ್ಕೆ ತಂದಿಟ್ಟ.

"ಮರಳಲ್ಲಿ ಉಜ್ಜು, ಭಾವ. ನೀರು ಮಾತ್ರ ಮುಟ್ಟಬೇಡ."