ಬಾಗಿಲಿಲ್ಲದ ಜೀಪಿಗೆ ಒಂದು ಅಲಾರಂ

೧೯೮೭ರಲ್ಲಿ ನಾನು ಓದು ಬಿಟ್ಟೆ, ಒಂಬತ್ತನೇ ಕ್ಲಾಸಿನ ನಡುವೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ, ಇಲ್ಲಿ ಅದು ಬೇಡ. ಬಿಟ್ಟ ಮಾರನೆಯ ದಿನವೇ ಒಂದು ಕುಶನ್ ಅಂಗಡಿ ಸೇರಿದೆ. ಆಟೋ, ಜೀಪು, ಲಾರಿಗಳ ಸೀಟು ಹೊಲಿಯುವ ಅಂಗಡಿ. ಹಳೇ ಸೀಟು ಬಿಚ್ಚುವುದು ನನ್ನ ಮೊದಲ ಕೆಲಸ. ಜನ ಎಂಥ ಹೊಲಸು ಎನ್ನುವುದು ಅವರು ಕೂತೆದ್ದ ಸೀಟನ್ನು ಬಿಚ್ಚಿದವನಿಗೆ ಗೊತ್ತು. ಬೀಡಿ ತುಂಡು, ಕಡಿದು ಉಗಿದ ಉಗುರು, ಬಾಳೆಹಣ್ಣಿನ ಸಿಪ್ಪೆ, ಒಣಗಿ ಗಟ್ಟಿಯಾದ ವಾಂತಿ. ಮೇಲೆ ಬಿಳಿ ಪಂಚೆ ಉಟ್ಟು ಗಂಧ ಹಚ್ಚಿಕೊಂಡವರ ಕಾರಿನ ಸೀಟಿನಲ್ಲೂ ಅದೇ. ಆಗ ಹುಟ್ಟಿದ ಅಸಹ್ಯ ಇವತ್ತಿಗೂ ಹೋಗಿಲ್ಲ. ಹೋಗಲಿ ಎಂದು ನಾನು ಕೇಳಿಕೊಂಡೂ ಇಲ್ಲ.

ಆ ಅಂಗಡಿಯಲ್ಲಿ ನನಗೆ ಹೆಸರಿರಲಿಲ್ಲ. ಬೆಳಗ್ಗೆ 'ಲೋ', ಕೋಪ ಬಂದಾಗ 'ಲೇ', ಗಿರಾಕಿಗಳ ಬಾಯಲ್ಲಿ 'ಏಯ್ ಕುಶನ್ನು'. ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಬೆನ್ನು ಬಗ್ಗಿಸಿ ಕೆಲಸ ಕಲಿತೆ. ನನ್ನದೇ ಅಂಗಡಿ ಹಾಕಿದ ದಿನ ಒಂದು ನಿಯಮ ಮಾಡಿಕೊಂಡೆ. ನನ್ನನ್ನು 'ರೀ' ಅನ್ನದವನ ಗಾಡಿಗೆ ನನ್ನ ಸೂಜಿ ಇಳಿಯುವುದಿಲ್ಲ. ನಾನೂ ಅಷ್ಟೇ, ಹೆಂಡತಿಯನ್ನು ಬಿಟ್ಟು ಯಾರಿಗೂ ಎದುರಿಗೆ ಏಕವಚನ ಬಳಸುವುದಿಲ್ಲ. ದೊಡ್ಡ ಮನುಷ್ಯರೊಬ್ಬರು 'ಎಷ್ಟೊತ್ತಿಗೆ ಕೊಡ್ತೀಯಾ' ಎಂದು ಕೇಳಿದ್ದಕ್ಕೆ ಅರ್ಧ ಹೊಲಿದ ಸೀಟನ್ನು ಹಾಗೇ ಅವರ ಡಿಕ್ಕಿಯಲ್ಲಿಟ್ಟು ಕಳಿಸಿದ್ದೇನೆ. ಕೊಬ್ಬು ಎಂದರು. ಇರಲಿ.

ಜೀಪಿನ ವಿಷಯಕ್ಕೆ ಬರುತ್ತೇನೆ. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಹಳೇ ಜೀಪನ್ನು ತಂದು, ವರ್ಷಗಟ್ಟಲೆ ಭಾನುವಾರಗಳನ್ನು ಅದಕ್ಕೆ ಸುರಿದು, ನಾನೇ ಎಬ್ಬಿಸಿದೆ. ಎಂಜಿನ್ ಮಾತ್ರ ಮೆಕ್ಯಾನಿಕ್ಕನ ಕೆಲಸ, ಮಿಕ್ಕದ್ದೆಲ್ಲ ನನ್ನದು. ಟಾಪಿಲ್ಲ, ಬಾಗಿಲಿಲ್ಲ, ಮುಂದೆ ಒಂದೇ ಒಂದು ಗಾಜು. ದಾಳಿಂಬೆ ಬಣ್ಣದ ರೆಕ್ಸಿನ್, ಅಂಚಿಗೆ ಬಿಳಿ ಪೈಪಿಂಗ್, ಜೋಡಿ ಹೊಲಿಗೆ. ಬ್ಯಾಟರಿಯನ್ನು ಎಡಗಡೆ ಸೀಟಿನ ಕೆಳಗೆ ಪೆಟ್ಟಿಗೆ ಮಾಡಿ ಇಟ್ಟಿದ್ದೆ. ಆ ಎಡಗಡೆ ಸೀಟು ನನ್ನ ಹೆಂಡತಿಯದು. ಅವಳ ಸೊಂಟದ ನೋವಿಗೆ ಸರಿಹೋಗುವ ಹಾಗೆ ಬೇರೆ ಬೇರೆ ಗಟ್ಟಿತನದ ಫೋಮನ್ನು ಪದರ ಪದರವಾಗಿ ಕತ್ತರಿಸಿ ಕೂಡಿಸಿದ್ದೆ. ಭಾನುವಾರ ಬೆಳಗ್ಗೆ ಇಬ್ಬರೂ ಅದರಲ್ಲಿ ಕೂತು ಬೋಗಾದಿ ದಾಟಿ, ಮನೆಗಳು ಮುಗಿಯುವ ತನಕ ಹೋಗಿ, ಒಂದು ಮರದ ಕೆಳಗೆ ಅವಲಕ್ಕಿ ತಿಂದು ಬರುವುದು. ನಾವು ಮಾಡುವ ಪ್ರವಾಸ ಅಷ್ಟೇ. ಮನೆಗಳು ಮುಗಿಯುವ ಜಾಗ ಈಗ ದೂರ ದೂರ ಹೋಗುತ್ತಿದೆ, ಅದು ಬೇರೆ ಮಾತು.

ನಮ್ಮ ಮನೆ ಇರುವುದು ನಜರ್‌ಬಾದಿನ ಒಂದು ಗಲ್ಲಿಯಲ್ಲಿ. ಜೀಪು ಒಳಗೆ ಹೋಗುವಷ್ಟು ಅಗಲದ ಗೇಟಿಲ್ಲ. ಬೀದಿಯಲ್ಲೇ ನಿಲ್ಲಿಸಬೇಕು. ಬಾಗಿಲಿಲ್ಲದ ಗಾಡಿಯನ್ನು ಮೈಸೂರಿನ ಬೀದಿಯಲ್ಲಿ ನಿಲ್ಲಿಸಿದರೆ ಏನಾಗುತ್ತದೆ? ಅದು ಗಾಡಿಯಾಗಿ ಉಳಿಯುವುದಿಲ್ಲ, ಕಲ್ಲುಬೆಂಚಾಗುತ್ತದೆ, ಕಸದ ತೊಟ್ಟಿಯಾಗುತ್ತದೆ, ಫೋಟೋ ಸ್ಟುಡಿಯೋ ಆಗುತ್ತದೆ. ಮೃಗಾಲಯ ನೋಡಲು ಬಂದವರು ದಾರಿ ತಪ್ಪಿ ನಮ್ಮ ಗಲ್ಲಿಗೆ ಬಂದರೆ, ಹತ್ತಿ ನಿಂತು, ಸೀಟಿನ ಮೇಲೆ ಚಪ್ಪಲಿ ಕಾಲಿಟ್ಟು ಫೋಟೋ. ಐಸ್‌ಕ್ರೀಮಿನ ಕಡ್ಡಿ, ಎಳನೀರಿನ ಬುರುಡೆ, ಮಗುವಿನ ಒದ್ದೆ ಚಡ್ಡಿ, ಒಂದು ಸಲ ಅರ್ಧ ತಿಂದ ಕೋಳಿ ಕಾಲು. ಗುಟ್ಕಾ ಉಗುಳಿನ ಮಾತಂತೂ ಎತ್ತುವುದೇ ಬೇಡ. ದಾಳಿಂಬೆ ಬಣ್ಣ ಆರಿಸಿದ್ದೇ ತಪ್ಪಾಯಿತೋ ಏನೋ, ಉಗಿದವರಿಗೆ 'ಕಾಣಲ್ಲ ಬಿಡು' ಎಂಬ ಧೈರ್ಯ.

ಎದುರು ಮನೆಯಲ್ಲಿ ನಿವೃತ್ತ ಆಫೀಸರ್ ಒಬ್ಬರಿದ್ದಾರೆ. ಬೆಳಗ್ಗೆ ವಾಕಿಂಗ್ ಮುಗಿಸಿ, ನೇರ ಬಂದು ನನ್ನ ಜೀಪಿನ ಎಡಗಡೆ ಸೀಟಿನಲ್ಲಿ ಕೂತು, ಪೇಪರ್ ಓದಿ, ಕೆಮ್ಮಿ, ಬಗ್ಗಿ ಚಕ್ರದ ಪಕ್ಕ ಕಫ ಉಗಿದು ಎದ್ದು ಹೋಗುವರು. ಒಂದು ದಿನ ಕೇಳಿಯೇಬಿಟ್ಟೆ.

'ಸಾರ್, ನಿಮ್ಮ ಮನೆ ಜಗುಲಿ ಇದೆಯಲ್ಲ?'

'ಅಲ್ಲಿ ಬಿಸಿಲು ಬರಲ್ಲ ಕಣ್ರೀ. ಅಲ್ದೆ ಮನೇವ್ರು ಈಗ್ತಾನೆ ಸಾರ್ಸಿರ್ತಾರೆ, ಗಲೀಜಾಗುತ್ತೆ.'

ಅವರ ಜಗುಲಿ ಗಲೀಜಾಗಬಾರದು. ನನ್ನ ಸೀಟು ಆಗಬಹುದು!

ಆಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ಬ್ಯಾಟರಿ ಇಲ್ಲ. ಬ್ಯಾಟರಿ ಹೋದದ್ದಕ್ಕಲ್ಲ ನನ್ನ ಹೊಟ್ಟೆ ಉರಿದದ್ದು. ಸೀಟು ಎತ್ತಲು ಎರಡು ನಟ್ಟು ಬಿಚ್ಚಿದ್ದರೆ ಸಾಕಿತ್ತು. ಆ ಸೋಮಾರಿ ಅದನ್ನೂ ಬಿಚ್ಚದೆ, ಬ್ಲೇಡಿನಿಂದ ಸೀಟನ್ನು ಉದ್ದಕ್ಕೆ ಸೀಳಿ, ಫೋಮನ್ನು ಕಿತ್ತು ಚರಂಡಿಗೆ ಎಸೆದು ಪೆಟ್ಟಿಗೆಗೆ ಕೈ ಹಾಕಿದ್ದ. ಪದರ ಪದರವಾಗಿ ಕೂಡಿಸಿದ ಫೋಮು ಚರಂಡಿ ನೀರು ಕುಡಿದು ಉಬ್ಬಿಕೊಂಡು ಬಿದ್ದಿತ್ತು. ಕಳ್ಳತನದಲ್ಲೂ ಕೆಲಸಗಳ್ಳತನ. ಥೂ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. 'ನೋಡಿ, ಹೇಳ್ಬುಡ್ತೀನಿ. ದಿನಾ ಬೆಳಗ್ಗೆ ಎದ್ದು ನೀವು ಆ ಎಂಜಲು ಬಳ್ಯೋದನ್ನ ನನ್ ಕೈಲಿ ನೋಡಕ್ಕಾಗಲ್ಲ. ಏನಾದ್ರೂ ಒಂದು ಅಲಾರಮ್ಮೋ ಗಿಲಾರಮ್ಮೋ ಹಾಕ್ಸಿ. ಇನ್ನೊಂದ್ ಸಲ ಹಿಂಗಾದ್ರೆ ತಂದ ಗುಜರಿಗೇ ವಾಪಸ್ ಕೊಟ್ಬುಡಿ. ನಾನಂತೂ ಇನ್ ಅದ್ರಲ್ಲಿ ಕೂರಲ್ಲ.'

ಹೇಳಿದರೆ ಹೇಳಿದ್ದೇ ಅವಳು. ಜೀಪು ಉಳಿಯಬೇಕಾದರೆ ಅಲಾರಂ ಬೇಕು.

ಮೊದಲು ಹೋದ ಕಾರಿನ ಸಾಮಾನಿನ ಅಂಗಡಿಯವನು ಎ.ಸಿ.ಯಲ್ಲಿ ಕೂರಿಸಿ, ಟೀ ಕೊಟ್ಟು, ಬಣ್ಣದ ಡಬ್ಬಿಗಳನ್ನು ಮುಂದೆ ಹರಡಿದ. 'ಇದು ಟಾಪ್ ಮಾಡ್ಲು ಸಾರ್. ಡೋರ್ ಮುಟ್ಟಿದ್ರೆ ಸಾಕು, ಕೂಗ್ಬುಡುತ್ತೆ.'

'ನನ್ನ ಗಾಡಿಗೆ ಡೋರಿಲ್ಲ.'

'ಹೌದಾ? ಹಾಗಾದ್ರೆ ಇದು. ಗ್ಲಾಸ್ ಒಡೆದ್ರೆ ಕೂಗುತ್ತೆ.'

'ಮುಂದಿನದು ಬಿಟ್ಟು ಗ್ಲಾಸೂ ಇಲ್ಲ.'

ಅವನು ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದ. 'ಸಾರ್, ಒಂದ್ ಮಾತ್ ಹೇಳ್ಲಾ? ಮೊದ್ಲು ನಾಲ್ಕು ಡೋರ್ ಮಾಡ್ಸಿ, ಟಾಪ್ ಹಾಕ್ಸಿ. ನಮ್ ಹತ್ರಾನೇ ಮಾಡ್ತೀವಿ. ಆಮೇಲೆ ಅಲಾರಂ ಹಾಕಣ.' ಟೀ ಲೋಟ ಮೇಜಿನ ಮೇಲಿಟ್ಟೆ. ಎದ್ದು ಬಂದೆ.

ಎರಡನೇ ಅಂಗಡಿಯವನು ಹೊಸ ಬ್ಯಾಟರಿ ಹಾಕಿ, ಅಲುಗಾಡಿದರೆ ಕೂಗುವ ಪೆಟ್ಟಿಗೆ ಕೂರಿಸಿದ. ಕಾಗೆ ಕೂತರೆ ಕೂಗು. ಗಲ್ಲಿಯ ತುದಿಯಲ್ಲಿ ಬಸ್ಸು ಹೋದರೆ ಕೂಗು. ಗ್ಯಾಸ್ ಸಿಲಿಂಡರ್ ಇಳಿಸಿದರೆ ಕೂಗು. ಎರಡು ದಿನ ಎಲ್ಲರೂ ಆಚೆ ಬಂದು ನೋಡಿದರು, ಮೂರನೇ ದಿನದಿಂದ ತಲೆಯನ್ನೂ ಎತ್ತಲಿಲ್ಲ. ಎದುರು ಮನೆಯವರು ಮಾತ್ರ ಅದು ಕಿರುಚುತ್ತಿರುವಾಗಲೇ ಅದರಲ್ಲಿ ಕೂತು ಪೇಪರ್ ಓದುತ್ತ, 'ನಿಮ್ ಗಾಡಿಗೆ ಹೊಟ್ಟೆನೋವು ಕಣ್ರೀ, ಓಂಕಾಳು ಕೊಡಿ' ಎಂದರು. ಆ ಪೆಟ್ಟಿಗೆಯನ್ನು ಕಿತ್ತು ಅಂಗಡಿಯವನ ಮೇಜಿನ ಮೇಲಿಟ್ಟು ಬಂದೆ. ಅವನು ಇವತ್ತಿಗೂ ಅದು 'ಬಾಳ ಒಳ್ಳೇ ಪೀಸು' ಎನ್ನುತ್ತಾನೆ.

ಉಪಾಯ ಹೊಳೆದದ್ದು ಸೊಪ್ಪಿನ ಗಾಡಿಯವರಿಂದ. ಈಗ ಅವರು ಬಾಯಿಂದ ಕೂಗುವುದಿಲ್ಲವಲ್ಲ, ತಮ್ಮ ದನಿಯನ್ನು ಒಂದು ಡಬ್ಬಿಯಲ್ಲಿ ತುಂಬಿ ಮೈಕಿಗೆ ಸಿಕ್ಕಿಸಿ, 'ದಂಟು, ಪಾಲಕ್, ಮೆಂತೆ' ಎಂದು ಬೀದಿಯುದ್ದಕ್ಕೂ ಓಡಿಸುತ್ತಾರೆ. ಅಂಥದೇ ಒಂದು ಡಬ್ಬಿ ತಂದೆ. ಸೀಟನ್ನು ಹೊಸದಾಗಿ ಕಟ್ಟುವಾಗ ಫೋಮಿನ ಕೆಳಗೆ, ಡಬ್ಬಿಗೆ ತಂತಿ ಎಳೆದ ಎರಡು ಒತ್ತುಗುಂಡಿ ಸೇರಿಸಿ ಹೊಲಿದೆ. ಕೂತರೆ ಒಂದು ಒತ್ತಿಕೊಳ್ಳುತ್ತದೆ, ಸೀಟು ಎತ್ತಿದರೆ ಇನ್ನೊಂದು ಬಿಟ್ಟುಕೊಳ್ಳುತ್ತದೆ. ಹೇಗಾದರೂ ಸರಿ, ಡಬ್ಬಿ ಮಾತಾಡುತ್ತದೆ. ನಾವು ಹೊರಡುವಾಗ ಆರಿಸಲು ಒಂದು ಸ್ವಿಚ್ಚು. ಇನ್ನು ದನಿ ತುಂಬುವುದೊಂದು ಬಾಕಿ. ಅಡುಗೆಮನೆಯಲ್ಲಿ ಕೂತು, ಡಬ್ಬಿಯನ್ನು ಬಾಯಿಯ ಹತ್ತಿರ ಹಿಡಿದು, ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದನ್ನು ಒದರಿದೆ: 'ಯಾವನ್ಲಾ ಅವ್ನು! ಇಳೀಲಾ ಕೆಳಕ್ಕೆ!'

ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಸೌಟು ಹಿಡಿದು ತಿರುಗಿದಳು. 'ಅಯ್ಯೋ, ನಿಮ್ ಬಾಯ್ಗೆ! ಎದುರು ಮನೆಯೋರು ಕೂತ್ರೆ ಅವ್ರಿಗೂ ಹಿಂಗೇ ಅಂತದಾ?'

'ಅನ್ಲಿ ಬಿಡು. ಅನ್ನಿಸಿಕೊಳ್ಳಲಿ.'

'ಯಾರೋ ವಯಸ್ಸಾದೋರು ಸುಸ್ತಾಗಿ ಕೂತ್ರೆ? ನಿಮ್ಮನ್ನ ಲಾ ಅಂದ್ರೆ ಸೀಟೇ ವಾಪಸ್ ಕೊಡ್ತೀರ. ನಿಮ್ ಗಾಡಿ ಊರೋರ್ನೆಲ್ಲ ಲಾ ಅನ್ನಬೋದಾ?'

ಅಳಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಹೇಳಿದೆ: 'ಯಾರ್ರೀ ಅದು? ದಯವಿಟ್ಟು ಇಳೀರಿ.' ಅವಳು ತಲೆಯಾಡಿಸಿದಳು. ಅದೇ ಕಾಯಂ ಆಯಿತು.

ಮೊದಲು ಕೆಲಸ ಮಾಡಿತು. ಫೋಟೋದವರು ಚಂಗನೆ ಹಾರಿದರು. ಎದುರು ಮನೆಯವರ ಪೇಪರು ಚರಂಡಿಗೆ ಬಿತ್ತು. ಅದನ್ನು ಕಿಟಕಿಯಿಂದ ನೋಡಿದ ಸಂತೋಷ ನನಗೆ ಬಹಳ ದಿನ ಬಂತು. ಆದರೆ ನಮ್ಮ ಜನ ಯಾವುದಕ್ಕೆ ತಾನೇ ನಾಚುತ್ತಾರೆ? ಆಮೇಲೆ ಅದು ಆಟವಾಯಿತು. ಕಾಲೇಜಿನವರು ಕೇಳುವುದಕ್ಕೆಂದೇ ಬಂದು ಕೂತು, 'ಇಳಿಯಲ್ಲ ರೀ' ಎಂದು ಅದಕ್ಕೇ ಎದುರುತ್ತರ ಕೊಟ್ಟು ಕೇಕೆ ಹಾಕುವರು. ಎದುರು ಮನೆಯವರು, 'ಆಯ್ತಪ್ಪ, ಆಯ್ತು, ಸುಮ್ನಿರು' ಎನ್ನುತ್ತ ಪೇಪರ್ ಮಡಿಸುವ ತನಕ ಕೂತೇ ಇರುವರು. ಉಗುಳು ಹಿಂದಿನ ಹಾಗೆಯೇ. ಗುಜರಿಯವನ ಗಾಡಿ ಬೀದಿಗೆ ಬಂದಾಗಲೆಲ್ಲ ಹೆಂಡತಿ ನನ್ನ ಮುಖ ನೋಡುತ್ತಿದ್ದಳು.

ಹೀಗಿರುವಾಗ ಅವನು ಬಂದ. ಖಾಲಿ ಬಾಟಲಿ ಆರಿಸುವವನು. ಹೆಗಲಿಗೆ ಗೋಣಿ, ಗೋಣಿಯಿಂದ ತೊಟ್ಟಿಕ್ಕುವ ಹುಳಿ ಬಿಯರು. ಆ ವಾಸನೆ ಅವನಿಗಿಂತ ಮುಂಚೆ ಗಲ್ಲಿಗೆ ಬರುತ್ತದೆ. ಪ್ರತಿ ಮನೆಯವರೂ ಅವನನ್ನು 'ಹೋಗಲೇ ಆ ಕಡೆ' ಎಂದೇ ಮಾತಾಡಿಸುವುದು. ನಾನು ಹಲ್ಲುಜ್ಜುತ್ತ ಕಿಟಕಿಯಲ್ಲಿ ನಿಂತಿದ್ದೆ. ದಣಿವಾಗಿತ್ತೋ ಏನೋ, ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಕೂತ. 'ಯಾರ್ರೀ ಅದು? ದಯವಿಟ್ಟು ಇಳೀರಿ' ಎಂದಿತು ಡಬ್ಬಿ.

ಅವನು ಹಾರಲಿಲ್ಲ, ನಗಲಿಲ್ಲ. ಸುತ್ತ ನೋಡಿದ. 'ನಾನೇ ಕಣ್ರೀ. ಇಳೀತೀನಿ ಬುಡಿ' ಎಂದು ಗೋಣಿ ಎತ್ತಿಕೊಂಡು ಇಳಿದು ಹೋದ.

ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ. ಬರುವುದು, ಕೂರುವುದು, 'ಯಾರ್ರೀ' ಅನ್ನಿಸಿಕೊಳ್ಳುವುದು, 'ನಾನೇ ಕಣ್ರೀ' ಎನ್ನುವುದು, ಇಳಿಯುವುದು. ಡಬ್ಬಿ ಹೇಳಿದ ಮಾತು ಕೇಳಿ ಇಳಿದವನು ಇಡೀ ಬೀದಿಯಲ್ಲಿ ಅವನೊಬ್ಬನೇ. ಆದರೆ ಸೀಟು! ಡೆಟಾಲ್ ಹಾಕಿ ಉಜ್ಜಿದರೂ ಆ ಹುಳಿ ನಾತ ಹೊಲಿಗೆಯ ತೂತುಗಳಲ್ಲಿ ಇಳಿದು ಕೂತುಬಿಟ್ಟಿತ್ತು. ಒಂದು ದಿನ ಪೊರಕೆ ಹಿಡಿದುಕೊಂಡೇ ಹೊರಗೆ ಹೋದೆ.

'ಏಯ್ ಲೋ! ಇಳಿಯೋ ಕೆಳಕ್ಕೆ!'

ಅವನು ಒಮ್ಮೆ ಡಬ್ಬಿ ನೋಡಿದ, ಒಮ್ಮೆ ನನ್ನನ್ನು ನೋಡಿದ. 'ಒಳಗಿರೋರು ರೀ ಅಂತವ್ರೆ, ಹೊರಗಿರೋರು ಲೋ ಅಂತವ್ರೆ. ಎರಡೂ ಒಂದೇ ದನಿ ಇದ್ದಂಗದಲ್ಲ ಸೋಮಿ. ನಾನ್ ಯಾರ್ ಮಾತ್ ಕೇಳ್ಲಿ?'

ಬಾಗಿಲಲ್ಲಿ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡಳು. ನನಗೆ ಮತ್ತೆ 'ಲೋ' ಎನ್ನಲು ನಾಲಿಗೆ ಹೊರಳಲಿಲ್ಲ. ಆ ಗೋಣಿಗೆ 'ರೀ' ಎನ್ನಲು ಮನಸ್ಸು ಬರಲಿಲ್ಲ. 'ಇಳಿಯೋದು... ಇಳಿದು ಹೋಗೋದು' ಎಂದೆ, ಯಾರಿಗೂ ಅಲ್ಲದ ಹಾಗೆ, ಗೋಡೆಗೆ ಹೇಳಿದ ಹಾಗೆ. ಅವನು ಇಳಿದು ಹೋದ. ಮಾರನೆಯ ದಿನ ಮತ್ತೆ ಬಂದ.

ಆ ವಾರವೇ ಎದುರು ಮನೆಯವರು ನನ್ನನ್ನು ಅಡ್ಡಗಟ್ಟಿ ನಿಂತರು.

'ಏನ್ರೀ ಇದು, ಅವನನ್ನ ಕೂರಿಸ್ಕೊಳ್ತಿದ್ದೀರಂತೆ? ಛೀ, ಛೀ. ಇನ್ಮೇಲೆ ಅದ್ರಲ್ಲಿ ಮನುಷ್ಯರು ಕೂರೋದು ಹೆಂಗೆ?'

'ಕೂರಬೇಡಿ ಸಾರ್.'

'ಕೂರಲ್ಲಪ್ಪ. ಖಂಡಿತ ಕೂರಲ್ಲ' ಎಂದರು, ನನಗೆ ಏನೋ ದೊಡ್ಡ ಶಿಕ್ಷೆ ಕೊಟ್ಟವರಂತೆ. ಹೇಳಿ, ತಿರುಗಿ, ಚಕ್ರದ ಪಕ್ಕ ಕಫ ಉಗಿದು ಹೋದರು. ಆ ಗೋಣಿಯ ನಾತವನ್ನು ಹೇಗೋ ತಡೆದುಕೊಂಡೇನು. ಈ ಮನುಷ್ಯರ ಅಸಹ್ಯವನ್ನು ಕಂಡು ನನಗೆ ಆದ ಅಸಹ್ಯವಿದೆಯಲ್ಲ, ಅದಕ್ಕೆ ಡೆಟಾಲಿಲ್ಲ.

ಅವರು ಹೇಳಿದ ಮಾತು ಉಳಿಸಿಕೊಂಡರು. ಅವರಷ್ಟೇ ಅಲ್ಲ, ಕಾಲೇಜಿನವರು ಒಂದು ಸಲ ಹತ್ತಿ, ಮೂಗು ಹಿಡಿದುಕೊಂಡು ಇಳಿದವರು ಮತ್ತೆ ಬರಲಿಲ್ಲ. ಫೋಟೋದವರು ದೂರ ನಿಂತು ಬಾನೆಟ್ಟಿನ ಮುಂದೆ ತೆಗೆದುಕೊಂಡು ಹೋಗುತ್ತಾರೆ. ಬ್ಯಾಟರಿಯ ತಂಟೆಗೆ ಯಾರೂ ಬಂದಿಲ್ಲ. ಎರಡೆರಡು ಅಂಗಡಿ ಅಲೆದು ನಾನು ಹುಡುಕಿದ ಅಲಾರಂ ಮಾಡದ ಕೆಲಸವನ್ನು ಒಂದು ಗೋಣಿ ಮಾಡಿತ್ತು.

'ಸಿಕ್ತಲ್ಲ ಬುಡಿ ನಿಮ್ಗೆ, ಒಳ್ಳೇ ಅಲಾರಂ' ಎಂದಳು ಹೆಂಡತಿ.

'ನಿನ್ನ ಸೀಟು ಕಣೇ ಅದು. ನಾರುತ್ತೆ.'

'ಹೊಲಿಯೋರು ನೀವಲ್ವಾ? ಒಂದು ಗವಸು ಹೊಲೀರಿ. ವಾರವೆಲ್ಲ ಅವ್ನು ಕೂತ್ಕೊಳ್ಲಿ, ಭಾನುವಾರ ತೆಗೆದು ನಾನ್ ಕೂರ್ತೀನಿ.'

ದಪ್ಪ ರೆಕ್ಸಿನ್ನಿನಲ್ಲಿ ಹೊಲಿದೆ, ನೀರು ಕೂಡ ಇಳಿಯದ ಹಾಗೆ. ಜೋಡಿ ಹೊಲಿಗೆಯನ್ನೇ ಹಾಕಿದೆ. ಕೂರುವವನು ಯಾರೇ ಆಗಲಿ, ಕಳಪೆ ಕೆಲಸ ನನ್ನ ಕೈಯಿಂದ ಆಗುವುದಿಲ್ಲ. ಭಾನುವಾರ ಅದನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ ಬಕೆಟ್ಟಿಗೆ ಹಾಕುತ್ತೇನೆ. ಹೆಂಡತಿ ಹತ್ತಿ ಕೂರುತ್ತಾಳೆ. ಬೋಗಾದಿ ದಾಟಿ ಹೋಗುತ್ತೇವೆ, ಆ ಮರದ ಕೆಳಗೂ ಈಗ ಪ್ಲಾಸ್ಟಿಕ್ ತಟ್ಟೆಗಳ ರಾಶಿ. ಕಾಲಿನಿಂದ ಸರಿಸಿ ಅವಲಕ್ಕಿ ತಿನ್ನುತ್ತೇವೆ.

ಈಗ ನನ್ನ ಹತ್ತಿರ ಇರುವುದು: ಬಾಗಿಲಿಲ್ಲದ ಜೀಪು ಒಂದು, ಸೀಟು ನಾಲ್ಕು, ಬ್ಯಾಟರಿ ಒಂದು, ಮಾತಾಡುವ ಡಬ್ಬಿ ಒಂದು, ಎಡಗಡೆ ಸೀಟಿನ ಗವಸು ಎರಡು. ಒಂದು ಹಾಕಿದ್ದು, ಒಂದು ಒಗೆಯಲು ನೆನೆಸಿದ್ದು.