ಬಸಣ್ಣನವರು ಇಂಜಿನ್ ಆರಿಸದ ಹೊನ್ನಾಳಿ

ಇವತ್ತು ಹೊನ್ನಾಳಿಯಲ್ಲಿ ಬಸ್ಸು ನಿಂತಿತು, ಇಂಜಿನ್ ನಿಲ್ಲಲಿಲ್ಲ. ಕಿಟಕಿಯ ಸರಳು ಗಡಗಡ ನಡುಗಿತು, ಸುಟ್ಟ ಡೀಸೆಲ್ ವಾಸನೆ ಒಳಗೆ ನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಬಸಣ್ಣನವರ ನೆನಪಾಗಿ ನಗು ಬಂತು.

ಬಸಣ್ಣ ಜಗಳೂರಿನವರು, ಕೆಲವು ವರ್ಷಗಳ ಹಿಂದೆ ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಬಸ್ಸಿನ ಚಾಲಕರಾಗಿದ್ದರು. ಪ್ರತಿ ಶುಕ್ರವಾರ ಆ ಬಸ್ಸಿನಲ್ಲಿ ನಾನಿರುತ್ತಿದ್ದೆ. ನನಗೆ ಎಲ್ಲವನ್ನೂ ಬರೆದಿಡುವ ಚಟ. ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಂತಿತು, ಇಂಜಿನ್ ಆರಿಸಿದರೋ ಇಲ್ಲವೋ, ಅದೂ ಡೈರಿಯಲ್ಲಿದೆ. ನಗಬೇಡಿ, ಆ ಪುಟಗಳು ಒಂದು ದಿನ ಕೆಲಸಕ್ಕೆ ಬಂದವು.

ನ್ಯಾಮತಿ ಆಚೆಯ ಒಂದು ಹಳ್ಳಿಯ ಓದುವ ಕೋಣೆಗೆ ನಾನು ಅಂಗೈಯಗಲದ ಕಂಪ್ಯೂಟರೊಂದನ್ನು ಜೋಡಿಸಿಕೊಟ್ಟಿದ್ದೆ. ಬಿಸಿಲಿನಿಂದ ತುಂಬುವ ಬ್ಯಾಟರಿಯೇ ಅದರ ಆಧಾರ. ಪರೀಕ್ಷೆಗೆ ಓದುವ ಹುಡುಗಿಯರು ನಾಲ್ಕಕ್ಕೆ ಬಂದು ಕೂತರೆ ಐದೂಕಾಲಿಗೆ ಪರದೆ ಕಪ್ಪಾಗುತ್ತಿತ್ತು. ಕೋಣೆ ನೋಡಿಕೊಳ್ಳುವ ಶಾರದಕ್ಕ ಕಡ್ಡಿ ಮುರಿದಂತೆ ಹೇಳಿದ್ದರು: "ಯುಗಾದಿ ತನಕ ನೋಡ್ತೀನಿ ಕಣವ್ವಾ. ಆಮ್ಯಾಲೆ ನಿನ್ನ ಡಬ್ಬಿ ನೀನೇ ತಗಂಡ್ಹೋಗು. ಅರ್ಧ ಓದಿ ಹುಡುಗೇರು ನನ್ನ ಮಕ ನೋಡ್ತಾವೆ."

ತೊಂದರೆ ಏನೆಂದರೆ, ಅದರ ಮಿದುಳಿನಂಥ ಚಿಪ್, ಅಂದರೆ ಪ್ರೊಸೆಸರ್, ಬಿಡುವಿದ್ದಾಗಲೂ ಎಚ್ಚರವಾಗಿಯೇ ಇರುತ್ತಿತ್ತು. ಅದನ್ನು ಮಲಗಿಸುವ ಕೋಡ್ ಚಿಪ್ ತಯಾರಕರ ಹತ್ತಿರ ಇತ್ತು. ಆದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಕರ್ನಲ್ಲಿಗೆ ಅದು ಸೇರಿರಲಿಲ್ಲ. ನಮ್ಮ ಕಂಪ್ಯೂಟರಿಗಷ್ಟೇ ನಾನು ಹೊಲಿದು ಸೇರಿಸಬಹುದಿತ್ತು. ಆದರೆ ಕರ್ನಲ್ಲಿನ ಹೊಸ ಆವೃತ್ತಿ ಬಂದಾಗಲೆಲ್ಲ ಆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ನಾನಿಲ್ಲದಿದ್ದರೂ ಅದು ನಡೆಯಬೇಕು, ಮೂಲ ಕರ್ನಲ್ಲಿಗೇ ಸೇರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಮೊದಲ ಸಲ ಕಳಿಸಿದ್ದಕ್ಕೆ, ಅಲ್ಲಿ ತಿದ್ದುಪಡಿಗಳನ್ನು ನೋಡಿ ಒಪ್ಪುವ ಪರಿಶೀಲಕರಿಂದ ಎರಡು ಸಾಲಿನ ಉತ್ತರ ಬಂತು. "ಎಷ್ಟು ಹೊತ್ತಿನ ಬಿಡುವಿದ್ದರೆ ಮಲಗಿಸಬೇಕು ಎಂಬ ಈ ಅಂಕಿ ಎಲ್ಲಿಂದ ಬಂತು? ನೀವು ಅಳೆದಿರಾ?" ತಯಾರಕರ ಕಡತದಿಂದ ನಕಲು ಮಾಡಿದ್ದೆ. ಹೇಳಲು ನಾಚಿಕೆಯಾಗಿ ಭಾಷೆ ತಿದ್ದಿ ಮತ್ತೆ ಕಳಿಸಿದೆ. ಮೂರು ಸಲ ಕಳಿಸಿದೆ, ಮೂರು ಸಲವೂ ಅದೇ ಪ್ರಶ್ನೆ. ಅಷ್ಟರಲ್ಲಿ, ನೋಡೋಣವೆಂದು ಆ ಕೋಡ್ ಹಾಕಿದ್ದ ನಮ್ಮ ಕಂಪ್ಯೂಟರ್ ಐದಕ್ಕೇ ಆರಿಹೋಗತೊಡಗಿತ್ತು, ಮೊದಲಿಗಿಂತ ಕಾಲು ಗಂಟೆ ಮುಂಚೆ! "ಬ್ಯಾಟರಿ ಹಳತಾಯಿತು" ಎಂದು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ.

ಆ ಕೋಪದಲ್ಲಿದ್ದ ಶುಕ್ರವಾರವೇ ಹೊನ್ನಾಳಿಯಲ್ಲಿ ಕೇಳಿಬಿಟ್ಟೆ: "ಬಸಣ್ಣಾರೆ, ಇಲ್ಲಿ ಒಂದಿನಾನೂ ಇಂಜಿನ್ ಆರಿಸಿಲ್ಲ ನೀವು. ಎಣ್ಣೆ ಉಳಿಯಲ್ವಾ?"

"ಉಳೀತೈತೆ. ಮತ್ತೆ ಎಬ್ಬಿಸಾಕೆ ಎಷ್ಟು ತಿಂತೈತೆ, ಅದನ್ನ ನಿಮ್ಮ ಬುಕ್ಕಿನಾಗೆ ಬರ್ಕಂಡೀರೇನು?"

ಹಿಂದಿನ ಸೀಟಿನ ಅಜ್ಜಿ ಬಾಯಿ ಹಾಕಿದರು. "ಒಂದ್ಸಲ ಇಲ್ಲೇ ಆರಿಸಿ ನಮ್ಮ ಕೈಲಿ ತಳ್ಳಿಸ್ಯಾನೆ ಕಣವ್ವಾ. ಟಿಕೆಟ್ಟೂ ನಮ್ದೇ, ತಳ್ಳೋರೂ ನಾವೇ!"

"ನೀನೆಲ್ಲಿ ತಳ್ದೆ ಅಜ್ಜೀ? ಎಲೆ ಅಡಿಕೆ ಹಾಕ್ಕಂಡು ಒಳಗೆ ಕುಂತಿದ್ದೆ." ಬಸಣ್ಣ ನನ್ನ ಕಡೆ ತಿರುಗಿದರು. "ಇದ್ರದ್ದು ಮುದಿ ಬ್ಯಾಟ್ರಿ ಮೇಡಮ್ಮಾರೆ. ಹೊನ್ನಾಳಿ ಮೂರು ನಿಮಿಷ, ಆರಿಸಲ್ಲ. ನ್ಯಾಮತಿ ಅರ್ಧ ಗಂಟೆ, ಆರಿಸ್ತೀನಿ. ಜಗಳೂರು ರೂಟ್ನಾಗೆ ಬ್ಯಾರೆ ಬಸ್ ಇತ್ತು, ಎರಡು ನಿಮಿಷಕ್ಕೂ ಆರಿಸ್ತಿದ್ದೆ. ಆ ಲೆಕ್ಕ ಇಲ್ಲಿ ತಂದೇ ಅವತ್ತು ತಳ್ಳಿಸಿದ್ದು."

ನನ್ನ ಅಂಕಿಯೂ ಬೇರೆ ಬಸ್ಸಿನದೇ ಆಗಿತ್ತು: ತಯಾರಕರು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡದ್ದು, ನಮ್ಮದಕ್ಕಲ್ಲ. ಹುಡುಗಿಯರು ಒಂದಕ್ಷರ ಒತ್ತಿ ಇನ್ನೊಂದನ್ನು ಹುಡುಕುವ ಕ್ಷಣದಲ್ಲೇ ಪ್ರೊಸೆಸರ್ ಗಾಢ ನಿದ್ದೆಗೆ ಜಾರುತ್ತಿತ್ತು, ತಕ್ಷಣ ಏಳಬೇಕಾಗುತ್ತಿತ್ತು. ಉಳಿಸಿದ್ದಕ್ಕಿಂತ ಹೆಚ್ಚು ಏಳುವುದಕ್ಕೇ ಖರ್ಚಾಗುತ್ತಿತ್ತು. ಪಾಪದ ಬ್ಯಾಟರಿಗೆ ನಾನು ಸುಮ್ಮನೆ ಬೈದಿದ್ದೆ.

ಮುಂದಿನ ಮೂರು ಶುಕ್ರವಾರ ವಿದ್ಯುತ್ ಅಳೆಯುವ ಮೀಟರ್ ಹಿಡಿದು ಹುಡುಗಿಯರ ಪಕ್ಕದಲ್ಲೇ ಕೂತೆ. ಪ್ರೊಸೆಸರಿನ ಹಗುರ ತೂಕಡಿಕೆಗೆ ಎಷ್ಟು ಬಿಡುವು ಬೇಕು, ಗಾಢ ನಿದ್ದೆಗೆ ಎಷ್ಟು ಎಂದು ಅಳೆದೆ. ಹನ್ನೊಂದು ಪುಟ ತುಂಬಿತು. "ಅದ್ರ ನಿದ್ದೆ ಎಣಿಸಾಕೆ ಹೋಗಿ ನಿನ್ನ ಊಟ ಮರ್ತೀಯಲ್ಲೇ" ಎಂದರು ಶಾರದಕ್ಕ.

ಯುಗಾದಿಯ ಹಿಂದಿನ ಶುಕ್ರವಾರ, ಹೊಸ ಅಂಕಿಗಳೊಂದಿಗೆ, ಆರು ಹೊಡೆದರೂ ಪರದೆ ಬೆಳಗುತ್ತಲೇ ಇತ್ತು. ಶಾರದಕ್ಕ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಏಳ್ರವ್ವಾ, ಅದಕ್ಕಂತೂ ಸುಸ್ತಾಗಲ್ಲ, ನನಗೆ ಮನೆ ಐತೆ!" ಡಬ್ಬಿ ಒಯ್ಯುವ ಮಾತು ಮತ್ತೆ ಬರಲಿಲ್ಲ.

ನಾಲ್ಕನೇ ಸಲ ಹೊಸ ಅಂಕಿಗಳನ್ನೂ ಅಳತೆಗಳನ್ನೂ ಕಳಿಸಿದೆ. ಪರಿಶೀಲಕರು ಒಂದೇ ಸಾಲು ಬರೆದರು: "ಈಗ ಸರಿ, ಸೇರಿಸಿಕೊಂಡಿದ್ದೇನೆ." ಸಲಹೆ ಕೊಟ್ಟವರ ಹೆಸರು ಬರೆಯುವ ರೂಢಿ ಅಲ್ಲಿದೆ. ನಿಮ್ಮ ಹೆಸರು ಹಾಕಲೇ ಎಂದು ಮೊದಲೇ ಬಸಣ್ಣನವರನ್ನು ಕೇಳಿದ್ದೆ. "ನಂದ್ಯಾಕ್ರಿ? ಅವತ್ತು ತಳ್ಳಿದೋರ ಹೆಸರು ಹಾಕ್ರಿ" ಅಂದಿದ್ದರು.

ಈಗ, ಇವತ್ತಿನ ಬಸ್ಸಿನಲ್ಲಿ, ಪಕ್ಕದವರು ಗೊಣಗಿದರು: "ಆರಿಸಾಕೆ ಏನು ರೋಗ ಇವನಿಗೆ?"

"ಮೂರೇ ನಿಮಿಷ ರೀ, ಆರಿಸಿ ಎಬ್ಬಿಸೋದೇ ದಂಡ" ಎಂದೆ, ಎಲ್ಲ ಬಲ್ಲವಳಂತೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇದು ಹೊಸ ಬಸ್ಸು, ಬೇರೆ ಬ್ಯಾಟರಿ. ಗಡಿಯಾರ ನೋಡಿ ಡೈರಿ ತೆರೆದೆ.