ಫ್ಲಾಪಿ ಓದದ ದಿನ ಬೆಳಗಾವಿಗೆ ಮಾಡಿದ ಫೋನು

ಅಥಣಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾನು ಲಗ್ನಪತ್ರಿಕೆಗೆ ಅಕ್ಷರ ಜೋಡಿಸಿಕೊಡುವ ಅಂಗಡಿ ಇಟ್ಟಿದ್ದ ಕಾಲಕ್ಕೆ ಕಂಪ್ಯೂಟರ್ ಎನ್ನುವುದು ಊರಿಗೆ ಹೊಸ ಸೊಸೆ ಇದ್ದಂತೆ. ಬಂದವರೆಲ್ಲ ಮುಖ ನೋಡಿ ಹೋಗುವರು, ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟುತ್ತಿದ್ದವರು ನಾನು, ಇಲ್ಲವೆ ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದ ನನ್ನ ಅತ್ತಿ. ಅಪ್ಪನ ಅಕ್ಕ. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳೇ. ಇವತ್ತು ನನ್ನ ಬಾಯಲ್ಲಿ ಏನಾದರೂ ಚಲೋ ಮಾತು ಬಂದರೆ ಅದು ಅವಳದು.

ನಮ್ಮಲ್ಲಿ ಅಚ್ಚು ಆಗುತ್ತಿರಲಿಲ್ಲ. ಜೋಡಿಸಿದ್ದನ್ನು ಫ್ಲಾಪಿ ಎಂಬ ಅಂಗೈಯಗಲದ ಬಿಲ್ಲೆಗೆ ಇಳಿಸಿ, ಅದನ್ನು ಅಂಗಿಯ ಕಿಸೆಯಲ್ಲಿ ಜೋಪಾನವಾಗಿಟ್ಟುಕೊಂಡು, ರಾಯಬಾಗ, ಚಿಕ್ಕೋಡಿ ದಾಟಿ ನಿಪ್ಪಾಣಿಯ ಪ್ರೆಸ್ಸಿಗೆ ಒಯ್ಯಬೇಕಿತ್ತು. ಆ ಬಿಲ್ಲೆ ಒಳಗೆ ಹೋಗುವುದಕ್ಕೆ ಯಂತ್ರದ ಮುಂಭಾಗದಲ್ಲಿ ಒಂದು ಸಣ್ಣ ಸೀಳು, ಅದಕ್ಕೊಂದು ಮುಚ್ಚಳ.

ದಸರೆಯ ಮರುದಿನ ಶೇಡಬಾಳದಿಂದ ಒಬ್ಬ ಕಾಕಾ ಬಂದು ಕೂತಿದ್ದರು. ಅವರ ಅಣ್ಣನ ಮಗಳ ಲಗ್ನ. ಮೊದಲ ಪತ್ರಿಕೆಯನ್ನು ನಾಡಿದ್ದು ಬೆಳಿಗ್ಗೆ ಬಸದಿಯಲ್ಲಿ ಇಡುವುದೆಂದು ಬೀಗರಿಗೆ ಮಾತು ಕೊಟ್ಟಾಗಿತ್ತು. ಅಂದು ಸಂಜೆಯೊಳಗೆ ಫ್ಲಾಪಿ ಮುಟ್ಟದಿದ್ದರೆ ಪ್ರೆಸ್ಸಿನವರು ಬೇರೆ ಕೆಲಸ ಹಚ್ಚುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಲೇಬೇಕು. ಅಕ್ಷರ ಸಿದ್ಧವಾಗಿತ್ತು, ಹೆಸರುಗಳನ್ನು ಕಾಕಾ ತಾವೇ ಓದಿ ತಲೆಯಾಡಿಸಿದ್ದರು. ಫ್ಲಾಪಿ ಹಾಕಿದೆ. ಅರ್ಧಕ್ಕೆ ನಿಂತಿತು. ಒತ್ತಿದೆ. ಒಳಗಿನಿಂದ ಬೀಸುವ ಕಲ್ಲಿಗೆ ಹರಳು ಸಿಕ್ಕಂಥ ಸಪ್ಪಳ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು.

"ಏನಂತೈತಿ?" ಕಾಕಾ ಕೇಳಿದರು.

"ತಯಾರಿಲ್ಲ ಅಂತೈತ್ರಿ."

"ನಾವು ತಯಾರದೀವಿ ಅಂತ ಹೇಳ್ರಿ ಅದಕ್ಕ."

ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ, ಯಂತ್ರ ಕೊಟ್ಟ ಬೆಳಗಾವಿಯ ಅಂಗಡಿಗೆ ಫೋನು ಹಚ್ಚಿದೆ. ಎತ್ತಿದ ಸಾಹೇಬರು ಇಂಗ್ಲಿಷಿನಲ್ಲಿ ಸುರುವಿಟ್ಟುಕೊಂಡರು. ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಕಿವಿಗೆ ಬರುತ್ತಿರಲಿಲ್ಲ. ಬೂತಿನವನು ನನ್ನ ಮುಖವನ್ನೇ ನೋಡುತ್ತಿದ್ದ. "ಎಸ್ ಸರ್" ಅಂದೆ. ಅವರು ಏನೋ ಕೇಳಿದರು, "ಎಸ್ ಸರ್" ಅಂದೆ. ಮತ್ತೆ ಅದನ್ನೇ ನಿಧಾನವಾಗಿ ಕೇಳಿದರು. ಅದು ಹೌದು ಅಲ್ಲ ಅನ್ನುವ ಪ್ರಶ್ನೆಯೇ ಅಲ್ಲ ಎಂದು ಆಗ ಹೊಳೆಯಿತು, ಆದರೆ ಬಾಯಿಂದ ಇನ್ನೊಂದು "ಎಸ್ ಸರ್" ಆಗಲೇ ಬಿದ್ದಿತ್ತು. ಅತ್ತ ಕಡೆ ಮೌನ. ನನ್ನ ಕಿವಿಯ ಹಾಲೆ ಬಿಸಿಯಾಯಿತು.

"ಸಾಹೇಬ ಕಾಯ್ ಮ್ಹಣತಾತ?" ಸಾಹೇಬರು ಏನಂತಾರೆ ಎಂದು ಬೂತಿನವನು ಮರಾಠಿಯಲ್ಲಿ ಕೇಳಿದ.

"ವಿಚಾರ ಮಾಡಾಕತ್ತಾರ" ಅಂದೆ.

ಆಮೇಲೆ ಫೋನಿನಲ್ಲಿ ಒಂದು ಹೆಣ್ಣು ದನಿ. "ಎಲ್ಲಿಂದ್ರಿ? ಅಥಣಿಯೇನು? ನಮ್ಮ ತವರಮನಿ ಅಲ್ಲೇ ಬಾಜೂಕ, ಐಗಳಿ. ಕನ್ನಡದಾಗ ಹೇಳ್ರಿ, ಏನಾಗೈತಿ." ನನಗೆ ಜೀವ ಬಂದಂತಾಯಿತು, ಹಾಗೆ ಜೀವ ಬಂದದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಫೋನು ಬೂತಿನಲ್ಲಿ, ಯಂತ್ರ ಅಂಗಡಿಯಲ್ಲಿ. ಕಾಕಾ ಧೋತರ ಎತ್ತಿಕೊಂಡು ಬೀದಿಯ ನಡುವೆ ನಿಂತರು. ಫೋನಿನಾಕೆ ಹೇಳಿದ್ದನ್ನು ನಾನು ಕೂಗಬೇಕು, ನಾನು ಕೂಗಿದ್ದನ್ನು ಕಾಕಾ ಅಂಗಡಿಯೊಳಗೆ ಯಂತ್ರದ ಮುಂದಿದ್ದ ಅತ್ತಿಯ ತನಕ ಮುಟ್ಟಿಸಬೇಕು.

"ಮೊದಲ ಕರೆಂಟ್ ಬಂದ್ ಮಾಡ್ರಿ. ಮುಚ್ಚಳ ಬೆರಳಿಲೆ ಒಳಗ ದಬ್ಬಿ, ಬ್ಯಾಟರಿ ಬೆಳಕ ಬಿಟ್ಟು ನೋಡ್ರಿ. ಒಳಗ ಏನರೆ ಬಿದ್ದೈತೇನು?"

ಕಾಕಾ ಕೂಗಿದರು. ಅಷ್ಟರಲ್ಲಿ ನಾನು ಫೋನಿಗೆ, "ಬೀಳಾಕ ಸಾಧ್ಯ ಇಲ್ರಿ ಮೇಡಂ, ನಾವು ಭಾಳ ಸ್ವಚ್ಛ ಇಡತೀವಿ, ಹಳ್ಳ್ಯಾಗಿನವರಂಗ ಅಲ್ಲ" ಎಂದು ಹೇಳಿಬಿಟ್ಟಿದ್ದೆ.

ಅಂಗಡಿಯ ಒಳಗಿನಿಂದ ಅತ್ತಿಯ ದನಿ ಬಂತು. "ಬಿದ್ದಿಲ್ಲ, ನಾನ ಇಟ್ಟೀನಿ. ನಿನ್ನಿ ಬಂಗಾರ ಕೊಟ್ಟೆ. ಕತ್ರಿ, ಸೂಜಿ, ಹೊಲಿಗಿ ಮಷೀನು ಎಲ್ಲಾಕೂ ಮ್ಯಾಲ ಇಟ್ಟೆ. ಇದಕ್ಕ ಬಾಯಿ ಐತಲ್ಲ, ಬಾಯಾಗ ಇಟ್ಟೆ."

ದಸರೆಯ ಮರುದಿನ ಬಂಗಾರವೆಂದರೆ ಬನ್ನಿ ಎಲೆ ಎಂದು ಬೀದಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಕಾಕಾ ನನ್ನ ಕಡೆ ತಿರುಗಿ ಒಂದಕ್ಷರವೂ ಬಿಡದೆ ಕೂಗಿ ಒಪ್ಪಿಸಿದರು. ಬಳೆ ಅಂಗಡಿಯಲ್ಲಿ ನಗೆ ಎದ್ದಿತು. ಎಳನೀರಿನವನು ಕೆತ್ತುವುದನ್ನು ನಿಲ್ಲಿಸಿದ.

"ಕೇಳಸ್ತು ಬಿಡ್ರಿ" ಅಂದಳು ಆಕೆ ಫೋನಿನಲ್ಲಿ. ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು. "ಎಲಿ ಸಣ್ಣವು, ಸಿಕ್ಕೊಂಡಿರತಾವ. ಜಬರದಸ್ತಿ ಮಾಡಬ್ಯಾಡ್ರಿ. ಕೂಸಿನ ಕಣ್ಣಾಗಿನ ಕಸಾ ತಗದಂಗ ತಗೀಬೇಕು. ಯಾರ ಕೈ ಹಗರ ಐತಿ?"

ಯಾರದೆಂದು ನಾನು ಹೇಳಬೇಕಾಗಲಿಲ್ಲ. ಮುಳ್ಳು ತೆಗೆಯುವ ಚಿಮಟಿಗೆಯಿಂದ ಅತ್ತಿ ಒಂದೊಂದೇ ಎಲೆ ಎಳೆದಳು. ಎಳೆದದ್ದನ್ನೆಲ್ಲ ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಹಾಕಿಕೊಂಡಳು. ನಾನು ಫೋನು ಹಿಡಿದು ಅದನ್ನು ದೂರದಿಂದ ನೋಡುತ್ತ, ಅತ್ತಿ ಬೇಗ ಮುಗಿಸಲಿ, ಕಣ್ಣಿಗೆ ಒತ್ತಿಕೊಳ್ಳುವುದೊಂದನ್ನಾದರೂ ಬಿಡಲಿ ಅನ್ನುತ್ತಿದ್ದೆ, ಮನಸ್ಸಿನಲ್ಲಿ.

"ನಿಮ್ಮ ಅತ್ತಿಯಾರಿಗೆ ಹೇಳ್ರಿ" ಅಂದಿತು ದನಿ, "ಮುಂದಿನ ವರ್ಷ ಮ್ಯಾಲ ಇಟ್ಟರ ಸಾಕು ಅಂತ. ಬೈಬ್ಯಾಡ್ರಿ ಮತ್ತ."

ಇದನ್ನು ನಾನು ಕೂಗಲಿಲ್ಲ. ಕಾಕಾ ಎರಡು ಸಲ ಕೈ ಮಾಡಿ ಕೇಳಿದರು, "ಏನಂತ, ಏನಂತ?" ಏನಿಲ್ಲ ಅಂದೆ.

ಫ್ಲಾಪಿ ಒಳಗೆ ಹೋಯಿತು, ಪತ್ರಿಕೆ ಇಳಿಯಿತು. ಬಸ್ಸು ಸಿಕ್ಕಿತು. ಪಕ್ಕದಲ್ಲೇ ಕೂತಿದ್ದ ಕಾಕಾ ರಾಯಬಾಗ ದಾಟಿದ ಮೇಲೆ ತಡೆಯದೆ, "ಮಾಲಕ್ರ, ಬಂಗಾರ ತಿಂದ ಮಷೀನಿನ ಪತ್ರಿಕಾ ಅಂತ ಬೀಗರಿಗೆ ಹೇಳಬಹುದಲ್ಲ, ಭಾರಿ ಆಕ್ಕೈತಿ" ಅಂದರು. ನಾನು ಕಿಟಕಿಯ ಕಡೆ ತಿರುಗಿದೆ. ನಿಪ್ಪಾಣಿಯಲ್ಲಿ ಅಕ್ಷರಗಳು ಒಂದೂ ಕೆಡದೆ ಪರದೆಯ ಮೇಲೆ ಬಂದವು. ಕಾಕಾ ಅಲ್ಲೇ ಉಳಿದು ಪತ್ರಿಕೆ ಹೊತ್ತು ಊರಿಗೆ ಹೋಗುವವರಿದ್ದರು. ನಾನು ರಾತ್ರಿ ಹಿಂದಿರುಗಿದೆ.

ಅತ್ತಿ ಅಂಗಡಿಯ ಮೆಟ್ಟಿಲ ಮೇಲೆ ಬಳೆಗಾರ್ತಿಯ ಜೊತೆ ಕೂತಿದ್ದಳು. ನಾನು ಬಂದದ್ದು ಅವಳಿಗೆ ಕಾಣಲಿಲ್ಲ.

"ಪಾಪ, ಆ ಬೆಳಗಾವಿ ಹುಡಿಗಿಗೆ ಇಂಗ್ಲಿಷ್ ಬರೂದಿಲ್ಲಂತ ಕಾಣಸ್ತೈತಿ. ಕಲಿತಿರೂದಿಲ್ಲ. ನಮ್ಮ ಹುಡುಗ ಏನೂ ಸೊಕ್ಕ ಮಾಡಲಿಲ್ಲ ನೋಡು, ಆಕಿ ಸಲುವಾಗಿ ಕನ್ನಡದಾಗ ಮಾತಾಡಿದ. ಅಷ್ಟು ಜನದಾಗ ಆಕಿ ಮರ್ಯಾದಿ ಉಳಿಸಿದ."

ಬಳೆಗಾರ್ತಿ ನನ್ನನ್ನು ನೋಡಿದಳು. ಅವಳು ಬೆಳಿಗ್ಗೆ ನನ್ನ "ಎಸ್ ಸರ್"ಗಳನ್ನೂ ಸೇರಿಸಿ ಎಲ್ಲವನ್ನೂ ಕೇಳಿದ್ದವಳು. ಅತ್ತಿಯ ಮಾತಿಗೆ ಹೂಂ ಅಂದಳು.

ಚಪ್ಪಲಿ ಬಿಡಲೆಂದು ಬಗ್ಗಿದವನು ಬಹಳ ಹೊತ್ತು ಬಗ್ಗಿಯೇ ಇದ್ದೆ.